ಹೆಂಚಿನ ಮೇಲಿನ ಇಸವಿ, ತೊಟ್ಟಿಕ್ಕುವ ತಾರಸಿ

ಪ್ರಶ್ನೆ: ಮಲ್ಲೇಶ್ವರದಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ಮನೆಯಿದೆ. ಮುಂದಿನ ವರಾಂಡಕ್ಕೆ ಮಂಗಳೂರು ಹೆಂಚು, ಒಳಗೆ ಮದ್ರಾಸ್ ತಾರಸಿ (ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಚ್ಚು ಹಾಸಿದ ಛಾವಣಿ). ಮೊನ್ನೆ ಇಳಿಸಿದ ಹೆಂಚೊಂದರ ಅಡಿಯಲ್ಲಿ ಬಾಸೆಲ್ ಮಿಷನ್ ಹೆಸರಿನ ಜೊತೆ 1865 ಎಂಬ ಅಚ್ಚು ಕಾಣಿಸಿತು. ಮನೆಗೆ ನೂರೈವತ್ತು ವರ್ಷ ದಾಟಿದೆ ಅನ್ನಬಹುದೇ?

ಉತ್ತರ: ಅನ್ನಲಾಗದು. 1865 ಎಂಬುದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಆಮೇಲೆ ದಶಕಗಟ್ಟಲೆ ಅದೇ ಇಸವಿಯ ಅಚ್ಚಿನಲ್ಲೇ ಹೆಂಚು ಒತ್ತುತ್ತಿದ್ದರು. ಮಂಗಳೂರಿನದೇ ಇನ್ನೊಂದು ಕಾರ್ಖಾನೆಯಾದ ಆಲ್ಬುಕರ್ಕ್‌ನ ಹೆಂಚಿನ ಮೇಲಿನ 1868 ಕೂಡ ಹೀಗೆಯೇ. ಇಸವಿಗಿಂತ ಹೆಸರು ನೋಡುವುದು ಲೇಸು: ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡರು. ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆ ಹೆಸರಿದ್ದರೆ ಹೆಂಚು ಯುದ್ಧದ ನಂತರದ್ದು. ಆದರೂ ಮನೆಯಲ್ಲಿ ಹೆಂಚಿನಷ್ಟು ಸುಲಭವಾಗಿ ಬದಲಾಗುವ ವಸ್ತು ಇನ್ನೊಂದಿಲ್ಲ. ಒಂದನ್ನೇ ನಂಬಿಕೊಂಡು ತೀರ್ಮಾನ ಮಾಡಬೇಡಿ. ನಿಮ್ಮ ಬಡಾವಣೆ ರೂಪುಗೊಂಡದ್ದೇ 1890ರ ದಶಕದಲ್ಲಿ, ಜನ ತುಂಬಿಕೊಂಡದ್ದು 1898ರ ಪ್ಲೇಗಿನ ನಂತರ.

ಕಬ್ಬಿಣದ ತೊಲೆಯಿದ್ದರೆ ಅದರ ಪಕ್ಕೆ ಉಜ್ಜಿ ನೋಡಿ. ಡಾರ್ಮನ್ ಲಾಂಗ್ ಎಂದಿದ್ದರೆ ಇಂಗ್ಲೆಂಡಿನ ಮಾಲು. ಟಾಟಾ ಎಂದಿದ್ದರೆ 1912ಕ್ಕೆ ಹಿಂದಿನದಾಗಲು ಸಾಧ್ಯವೇ ಇಲ್ಲ, ಅವರ ಉಕ್ಕು ಹೊರಬಂದದ್ದೇ ಆ ವರ್ಷ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಗೋಡೆಯ ಮೇಲೆ ವಿದ್ಯುತ್ ತಂತಿ ಕೂರಿಸಿದ ಹಳೆ ಮರದ ಕೇಸಿಂಗ್ ಪಟ್ಟಿಯನ್ನು ಒಂದಡಿ ಬಿಚ್ಚಿ ನೋಡಿ. ಅದರ ಹಿಂದೆ ಒಂದರ ಮೇಲೊಂದು ಸುಣ್ಣದ ಬಣ್ಣಗಳ ಪದರ ಇದ್ದರೆ, ಮನೆ ಕಟ್ಟಿ ಎಷ್ಟೋ ವರ್ಷದ ಮೇಲೆ ಕರೆಂಟು ಬಂದಿದೆ. ಬರಿಯ ಗಾರೆ ಇದ್ದರೆ ಎರಡೂ ಒಂದೇ ಕಾಲದ್ದು.

ಗಟ್ಟಿ ಸಾಕ್ಷಿ ಕಾಗದಪತ್ರವೇ. ಉಪನೋಂದಣಿ ಕಚೇರಿಯಲ್ಲಿ ಹಳೆಯ ಕ್ರಯಪತ್ರಗಳ ನಕಲು ಕೇಳಿ, ಷೆಡ್ಯೂಲಿನ (ಆಸ್ತಿಯ ವಿವರದ ಭಾಗ) ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಓದಿ. ಒಂದು ಪತ್ರದಲ್ಲಿ ‘ಖಾಲಿ ನಿವೇಶನ’, ಮುಂದಿನದರಲ್ಲಿ ‘ಮನೆ ಸಮೇತ’ ಎಂದಿದ್ದರೆ ಆ ಎರಡು ತಾರೀಖುಗಳ ನಡುವೆ ಮನೆ ಎದ್ದಿದೆ. ನಗರಸಭೆಯ ಹಳೆ ಕಂದಾಯ ರಸೀದಿ ಸಿಕ್ಕರೆ ಅಂತರ ಇನ್ನೂ ಕಿರಿದಾಗುತ್ತದೆ.

ಪ್ರಶ್ನೆ: ಬಸವನಗುಡಿಯ ನಮ್ಮ ಮನೆಯ ಮದ್ರಾಸ್ ತಾರಸಿ ಎರಡು ಮಳೆಗಾಲದಿಂದ ಸೋರುತ್ತಿದೆ. ಮೇಲೆ ಎರಡಿಂಚು ಸಿಮೆಂಟ್ ಹಾಕಿ ವಾಟರ್‌ಪ್ರೂಫಿಂಗ್ ಬಳಿದರೆ ಸಾಕು ಎನ್ನುತ್ತಾರೆ ಮೇಸ್ತ್ರಿ. ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಒಂದಿಂಚು ಸಿಮೆಂಟ್ ಗಾರೆ ನೂರು ಚದರಡಿಗೆ ಹೆಚ್ಚುಕಮ್ಮಿ ಐದು ಕ್ವಿಂಟಾಲ್ ತೂಗುತ್ತದೆ. ಎರಡಿಂಚೆಂದರೆ ಒಂದು ಟನ್. ಅಷ್ಟೂ ಭಾರ ಬೀಳುವುದು ನೂರು ವರ್ಷದ ತೇಗದ ಜಂತೆಗಳ ಮೇಲೆ. ಸಾಲದ್ದಕ್ಕೆ, ಒಳಗೆ ಸೇರಿದ ನೀರಿಗೆ ಮೇಲಿಂದ ಆವಿಯಾಗಿ ಹೋಗುವ ದಾರಿ ಮುಚ್ಚುತ್ತದೆ. ಅದು ಕೆಳಗಿಳಿದು ಜಂತೆಯನ್ನೇ ಕೊಳೆಸುತ್ತದೆ. ಸೋರುವುದು ನಿಂತಿತು ಎಂದು ನೆಮ್ಮದಿಯಾಗಿರುವ ಹೊತ್ತಿಗೆ ಛಾವಣಿ ಜಗ್ಗಿರುತ್ತದೆ.

ಮೊದಲು ಒಳಗಿನಿಂದ ಪರೀಕ್ಷಿಸಿ. ಜಂತೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳ್ಳೆ ತೇಗ ಬಗ್ಗುವುದಿಲ್ಲ. ಅರ್ಧ ಇಂಚು ಸಲೀಸಾಗಿ ಇಳಿದರೆ ತುದಿ ಕೊಳೆತಿದೆ. ಅಂಥ ಕಡೆ ಜಾಕಿ ಕೊಟ್ಟು ಛಾವಣಿಯನ್ನು ಹೊರಿಸಿಯೇ ಮುಂದಿನ ಕೆಲಸ. ಜಂತೆಯ ಎರಡೂ ಪಕ್ಕಕ್ಕೆ ಉಕ್ಕಿನ ಪಟ್ಟಿ ಬೋಲ್ಟ್ ಮಾಡಿ ಗೋಡೆಗೆ ಕೂರಿಸಬಹುದು. ಪಟ್ಟಿಯ ದಪ್ಪ, ಬೋಲ್ಟಿನ ಅಳತೆ ಇಂಜಿನಿಯರ್ ಹೇಳಬೇಕು. ಹೊಸ ತುದಿಯ ಸುತ್ತ ಬೆರಳು ತೂರುವಷ್ಟು ಗಾಳಿಜಾಗ ಬಿಡಿಸಿ, ಸಿಮೆಂಟ್ ತುಂಬಲು ಬಿಡಬೇಡಿ.

ಜಂತೆ ಗಟ್ಟಿಯಿದ್ದರೆ ಸೋರಿಕೆಗೆ ಕಾರಣ ಸಾಮಾನ್ಯವಾಗಿ ಮೂರೇ: ಮೇಲಿನ ಚಪ್ಪಟೆ ಹೆಂಚಿನ ಸಂದು ಬಿಟ್ಟಿರುತ್ತದೆ, ಪ್ಯಾರಪೆಟ್ ಗೋಡೆ ಕೂಡುವ ಮೂಲೆ ಸೀಳಿರುತ್ತದೆ, ಇಲ್ಲವೇ ನೀರು ಹೋಗುವ ದೋಣಿ ಕಟ್ಟಿರುತ್ತದೆ. ಮೂಲೆಯಲ್ಲಿ ಅರಳಿ ಸಸಿ ಇದ್ದರೆ ಹುಡುಕುವ ಶ್ರಮವೇ ಇಲ್ಲ. ಸಂದುಗಳನ್ನು ಮುಕ್ಕಾಲು ಇಂಚು ಕೆದಕಿ, ದೂಳು ತೆಗೆದು, ನೀರು ಕುಡಿಸಿ, ಸುಣ್ಣ, ಸುರ್ಕಿ (ಅಂದರೆ ಇಟ್ಟಿಗೆ ಪುಡಿ), ಮರಳು ಮೂರೂ ಸಮಪಾಲು ಅರೆದ ಗಾರೆ ತುಂಬಿಸಿ. ಬರಿ ಸುಣ್ಣ ಗಾಳಿ ತಾಗಿಯೇ ಗಟ್ಟಿಯಾಗಬೇಕು. ಸುರ್ಕಿ ಸೇರಿದರೆ ಒದ್ದೆಯಲ್ಲೂ ಹಿಡಿಯುತ್ತದೆ. ಕನಿಷ್ಠ ಒಂದು ವಾರ ಒದ್ದೆ ಗೋಣಿ ಹೊದಿಸಿ. ಏಪ್ರಿಲ್ ಬಿಸಿಲಿನಲ್ಲಿ ಈ ಕೆಲಸ ಹಿಡಿದರೆ ಗಾರೆ ಒಣಗಿ ಬಿರುಕು ಬಿಡುತ್ತದೆ. ಮಳೆ ಮುಗಿದ ಚಳಿಗಾಲವೇ ಸರಿಯಾದ ಹೊತ್ತು.

ಒಂದು ಅಂಕಣ ಪೂರ್ತಿ ಬಿಚ್ಚಲೇಬೇಕಾಗಿ ಬಂದರೆ ಹಳೆ ಕ್ರಮವನ್ನೇ ಹಿಡಿಯಿರಿ. ಜಂತೆಗಳ ಮೇಲೆ ಒಂದಿಂಚು ದಪ್ಪದ ತಾರಸಿ ಇಟ್ಟಿಗೆಗಳನ್ನು ಮೂಲೆಯಿಂದ ಓರೆಯಾಗಿ, ಅಂಚು ಮೇಲಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಒತ್ತುತ್ತಾ ಹೋಗಬೇಕು. ಕೆಳಗೆ ಹಲಗೆಯ ಆಸರೆ ಬೇಕಿಲ್ಲ. ಅದು ಗಟ್ಟಿಯಾದ ಮೇಲೆ ಮೂರಿಂಚು ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಚ್ಚು. ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಚಿಮುಕಿಸುತ್ತಾ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು. ಕೊಡತಿ ಗುರುತು ಮೂಡಿಸದೆ ಮೇಲಕ್ಕೆ ಪುಟಿದಾಗ ಸಾಕು. ಹತ್ತಡಿಗೆ ಮೂರಿಂಚು ಇಳಿಜಾರು ಗಚ್ಚಿನಲ್ಲೇ ಬರಲಿ, ಮೇಲೆ ಚಪ್ಪಟೆ ಹೆಂಚು. ಈ ಬಡಿತಕ್ಕೆ ಕೂಲಿ ಉಳಿಸಲು ಹೋದವರ ತಾರಸಿಯೇ ಮತ್ತೆ ಸೋರುವುದು.

ಪ್ರಶ್ನೆ: ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಪ್ಲಾಸ್ಟಿಕ್ ಪೇಂಟ್ ಮಾಡಿಸಿದೆವು. ವರ್ಷದೊಳಗೆ ನೆಲದಿಂದ ಮೂರಡಿವರೆಗೆ ಉಬ್ಬಿ, ಬಿಳಿ ಪುಡಿ ಉದುರುತ್ತಿದೆ.

ಉತ್ತರ: ಪುಡಿ ಲವಣದ್ದು. ತಳದಿಂದ ಏರಿದ ತೇವ ಹೊರಹೋಗಲಾಗದೆ ಪ್ಲಾಸ್ಟರಿನ ಹಿಂದೆ ಅದನ್ನು ಕಟ್ಟಿಹಾಕಿದೆ. ಉಬ್ಬಿದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೂ ಸಿಮೆಂಟ್ ಕಿತ್ತು, ಲವಣವನ್ನು ಒಣ ಬ್ರಷ್ಷಿನಿಂದ ಗುಡಿಸಿ. ತೊಳೆದರೆ ಅದು ಕರಗಿ ಮತ್ತೆ ಗೋಡೆಗೇ ಇಳಿಯುತ್ತದೆ. ಆಮೇಲೆ ಹೊರಗೆ ಹೋಗಿ ನೋಡಿ: ಕಾಂಪೌಂಡಿನ ಕಲ್ಲುಹಾಸು ವರ್ಷ ವರ್ಷ ಏರಿ ಕಟ್ಟೆಯ ಮಟ್ಟ ಮುಟ್ಟಿರುತ್ತದೆ. ಅದನ್ನು ಆರಿಂಚಾದರೂ ತಗ್ಗಿಸದೆ ಗೋಡೆಗೆ ಏನು ಮಾಡಿಸಿದರೂ ದಂಡ. ಒಣಗಲು ಗೋಡೆಯ ದಪ್ಪದ ಇಂಚಿಗೆ ತಿಂಗಳೆಂದು ಲೆಕ್ಕ ಹಿಡಿಯಿರಿ. ಹದಿನೆಂಟಿಂಚಿನ ಗೋಡೆಗೆ ಅವಸರ ನಡೆಯದು. ನಂತರ ಒಂದಕ್ಕೆ ಮೂರು ಮರಳಿನ ಸುಣ್ಣದ ಗಾರೆ, ಮೇಲೆ ತೆಳ್ಳಗೆ ಮೂರು ಸಲ ಸುಣ್ಣ.

ಪ್ರಶ್ನೆ: ಮುಂಬಾಗಿಲ ಪೋರ್ಟಿಕೋದ ಮಂಕಿ ಟಾಪ್‌ಗೆ (ಮೇಲ್ಭಾಗದ ಮರದ ಪಟ್ಟಿಗಳ ಮುಚ್ಚಿಗೆ) ಗಾಜು ಹಾಕಿಸಬಹುದೇ?

ಉತ್ತರ: ಬೇಡ. ಆ ಮರದ ಪಟ್ಟಿಗಳ ಸಂದು ಇರುವುದೇ ಬಿಸಿಲು ತಡೆದು ಗಾಳಿ ಬಿಡಲಿಕ್ಕೆ. ಮಳೆ ತಾಗಿ ಕೊಳೆಯುವುದು ಸಾಮಾನ್ಯವಾಗಿ ಪಟ್ಟಿಗಳ ಕೆಳತುದಿ ಮಾತ್ರ. ಅಷ್ಟನ್ನೇ ಓರೆಯಾಗಿ ಕೊಯ್ದು ಅದೇ ದಪ್ಪದ ತೇಗ ಜೋಡಿಸಿ, ಕೊಯ್ದ ತುದಿಗೂ ಬಣ್ಣ ಕುಡಿಸಿ.