ಬೆಲೆ ಏರಿದ ವರ್ಷವೇ ಸಾಲವೂ ಏರಿದ್ದು ಯಾಕೆ?

ಓದುಗರ ಪತ್ರ: “ಹೋದ ಸಂಚಿಕೆಯಲ್ಲಿ ‘ರಫ್ತು ತೆರೆದರೆ ರೈತರ ಜೇಬು ಭರ್ತಿ’ ಅಂತ ತಲೆಬರಹ ಕೊಟ್ಟಿದ್ದೀರಿ. ನಮ್ಮ ತಂದೆ ರೈತರು. ಧಾನ್ಯದ ಬೆಲೆ ಏರಿದ ವರ್ಷವೇ ನಮ್ಮ ಮನೆಯ ಸಾಲ ಜಾಸ್ತಿಯಾಯಿತು. ಅವರ ಲೆಕ್ಕದ ಪುಸ್ತಕದ ಒಂದು ಪುಟ ಕಳಿಸಿದ್ದೇನೆ, ನೋಡಿ. ಬೆಲೆ ಏರಿದರೆ ಬಡವರಿಗೆ ಒಳ್ಳೆಯದು ಅಂತ ಒಂದು ಅಧ್ಯಯನ, ಕೆಟ್ಟದ್ದು ಅಂತ ಇನ್ನೊಂದು. ಯಾವುದನ್ನು ನಂಬೋಣ? ಈ ಕೃಷಿ ಅರ್ಥಶಾಸ್ತ್ರದವರು ಒಂದು ದಿನವಾದರೂ ಹೊಲದ ಬದು ತುಳಿದಿದ್ದಾರಾ?”

ಸಂಪಾದಕರ ಉತ್ತರ:

ಆ ತಲೆಬರಹ ಕೊಟ್ಟವನು ನಾನೇ. ಲೇಖಕರು ‘ಮಾರುವಷ್ಟು ಬೆಳೆಯುವ ರೈತರಿಗೆ’ ಅಂತ ಬರೆದಿದ್ದರು. ಸಾಲು ಉದ್ದವಾಯಿತು ಅಂತ ಅದನ್ನು ಕತ್ತರಿಸಿದೆ. ವಿಷಯವೆಲ್ಲ ಆ ಮೂರು ಪದದಲ್ಲೇ ಇತ್ತು ಅನ್ನುವುದು ನೀವು ಕಳಿಸಿದ ಪುಟ ನೋಡಿದ ಮೇಲೆ ತಿಳಿಯಿತು.

ಪುಟವನ್ನು ಎರಡು ಸಲ ಓದಿದೆ. ಆ ವರ್ಷ ಹೊಲದಿಂದ ಬಂದದ್ದು 22 ಚೀಲ. ಸುಗ್ಗಿ ಮುಗಿದ ವಾರವೇ 11 ಚೀಲ ಮಾರಿದ್ದಾರೆ. ಎದುರಿಗೆ ಪೆನ್ಸಿಲ್‌ನಲ್ಲಿ ‘ಗೊಬ್ಬರದ ಬಾಕಿ’, ಅದರ ಕೆಳಗೆ ‘ಫೀಸು’ ಅಂತಿದೆ. ಆಮೇಲೆ ಆರು ತಿಂಗಳು ಏನೂ ಬರೆದಿಲ್ಲ. ಏಳನೇ ತಿಂಗಳಿಂದ ಒಂದೊಂದೇ ಚೀಲ ಕೊಂಡು ತಂದದ್ದು ಶುರುವಾಗುತ್ತದೆ, ಒಟ್ಟು 7 ಚೀಲ. ಅಂದರೆ ಮನೆಯವರು ಉಂಡದ್ದು 18 ಚೀಲ. ಬೆಳೆದದ್ದು ಅದಕ್ಕಿಂತ 4 ಚೀಲ ಜಾಸ್ತಿ. ವರ್ಷದ ಚೀಲ ಮಾತ್ರ ಎಣಿಸುವ ಸಮೀಕ್ಷೆಗೆ ನಿಮ್ಮ ತಂದೆ ಸಿಕ್ಕಿದ್ದರೆ ಅವರ ಹೆಸರು ‘ಮಾರುವವರು’ ಅನ್ನುವ ಪಟ್ಟಿಗೇ ಹೋಗುತ್ತಿತ್ತು. ಬೆಲೆ ಏರಿತು, ಇವರಿಗೆ ಲಾಭ ಅಂತ ಷರಾ ಬೀಳುತ್ತಿತ್ತು.

ಈಗ ದುಡ್ಡಿನ ಲೆಕ್ಕ ನೋಡೋಣ. ಸುಗ್ಗಿಯಲ್ಲಿ ಸಿಕ್ಕ ದರವನ್ನು 100 ಅಂತ ಇಟ್ಟುಕೊಂಡರೆ, ಅವರು ಕೊಳ್ಳುವ ಹೊತ್ತಿಗೆ ಸರಾಸರಿ ದರ 160ರ ಹತ್ತಿರ ಇತ್ತು. ಮಾರಿ ಬಂದದ್ದು 1,100. ಕೊಳ್ಳಲು ಹೋದದ್ದು 1,120. 4 ಚೀಲವನ್ನು ಸುಮ್ನೆ ಕೊಟ್ಟು, ಮೇಲೆ 20 ಬೇರೆ ಎಣಿಸಿಕೊಟ್ಟ ಹಾಗಾಯಿತು. ಏರಿದ ಬೆಲೆ ಪೇಪರಿನಲ್ಲಿ ಬರುವ ಹೊತ್ತಿಗೆ ಅವರ ಮನೆಯಲ್ಲಿ ಮಾರಲು ಏನೂ ಉಳಿದಿರಲಿಲ್ಲ. ಸಾಲ ಏರದೆ ಇನ್ನೇನಾಗುತ್ತದೆ?

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಮಾರ್ಷಲ್ ಬರ್ಕ್, ಲಾರೆನ್ ಬರ್ಕ್ವಿಸ್ಟ್, ಎಡ್ವರ್ಡ್ ಮಿಗೆಲ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಪಶ್ಚಿಮ ಕೀನ್ಯಾದ ಮೆಕ್ಕೆಜೋಳದ ರೈತರಲ್ಲಿ ಇದನ್ನೇ ಕಂಡರು. ಅಲ್ಲೂ ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿ, ಅದೇ ಜೋಳವನ್ನು ಕೆಲವು ತಿಂಗಳಾದ ಮೇಲೆ ತುಟ್ಟಿಗೆ ಕೊಳ್ಳುವವರೇ ಹೆಚ್ಚು. ದಡ್ಡತನದಿಂದಲ್ಲ, ಸುಗ್ಗಿಯಲ್ಲೇ ಕೈಗೆ ಕಾಸು ಬೇಕಿತ್ತು, ಅಷ್ಟೆ. ಅಧ್ಯಯನದಲ್ಲಿ ಕೆಲವರಿಗೆ ಕೊಯ್ಲು ಮುಗಿದ ಕೂಡಲೇ ಸಾಲ ಕೊಡಲಾಯಿತು. ಸಾಲ ಸಿಕ್ಕವರು ಜೋಳವನ್ನು ಮನೆಯಲ್ಲೇ ಇಟ್ಟುಕೊಂಡು, ಬೆಲೆ ಏರಿದಾಗ ಮಾರಿದರು. ಬಡ್ಡಿ ಕಟ್ಟಿಯೂ ಲಾಭ ಉಳಿಯಿತು.

ನನಗೆ ಇಷ್ಟವಾದದ್ದು ಮುಂದಿನ ಭಾಗ. ಒಂದೇ ಆಸುಪಾಸಿನಲ್ಲಿ ಬಹಳ ಜನಕ್ಕೆ ಸಾಲ ಸಿಕ್ಕ ಕಡೆ ಸುಗ್ಗಿಯಲ್ಲಿ ಮಾರುಕಟ್ಟೆಗೆ ಬರುವ ಜೋಳವೇ ಕಡಿಮೆಯಾಯಿತು. ಆಗಿನ ದರ ತೀರಾ ಬೀಳಲಿಲ್ಲ, ಆಮೇಲಿನ ದರ ತೀರಾ ಏರಲೂ ಇಲ್ಲ. ಸಾಲ ಪಡೆದವರಿಗೆ ಕಾದು ಮಾರಿದ ಲಾಭ ಇಳಿಯಿತು, ಸಾಲ ಪಡೆಯದ ನೆರೆಯವರಿಗೂ ಒಂದಿಷ್ಟು ಅನುಕೂಲ ದಾಟಿತು. 2019ರಲ್ಲಿ ಪ್ರಕಟವಾದ ಅಧ್ಯಯನ ಇದು. ಬರೀ ಸಾಲಗಾರರನ್ನೇ ಎಣಿಸಿದ್ದರೆ ಈ ಅರ್ಧ ಕಥೆ ತಪ್ಪಿಹೋಗುತ್ತಿತ್ತು.

ಒಂದು ಅಧ್ಯಯನ ಒಳ್ಳೆಯದು ಅನ್ನುತ್ತೆ, ಇನ್ನೊಂದು ಕೆಟ್ಟದ್ದು ಅನ್ನುತ್ತೆ ಅಂತ ಕೇಳಿದ್ದೀರಿ. ಎರಡೂ ನಿಜವಿರಬಹುದು. 1989ರಲ್ಲಿ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಥಾಯ್ಲೆಂಡಿನ ಮನೆಗಳ ಲೆಕ್ಕ ಹಿಡಿದು, ಪ್ರತಿ ಮನೆ ಅಕ್ಕಿ ಮಾರುವುದೆಷ್ಟು, ಕೊಳ್ಳುವುದೆಷ್ಟು ಅಂತ ನೋಡಿದರು. ಬೆಲೆ ಏರಿದರೆ ಆದಾಯಕ್ಕೆ ಹೋಲಿಸಿ ಹೆಚ್ಚು ಲಾಭ ಆಗುವುದು ಹಳ್ಳಿಯ ನಡುಮಟ್ಟದ ಮನೆಗಳಿಗೆ ಅಂತ ಕಂಡಿತು. ಅದರ ಮರುವರ್ಷ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮಾರ್ಟಿನ್ ರವಾಲಿಯನ್ ಬಾಂಗ್ಲಾದೇಶದ ಬಗ್ಗೆ ಬರೆದರು. ಅಲ್ಲಿ ಬಡವರಲ್ಲಿ ಹೊಲ ಇಲ್ಲದೆ ಕೂಲಿ ಮಾಡಿ ಅಕ್ಕಿ ಕೊಳ್ಳುವವರು ಬಹಳ. ಬೆಲೆ ಏರಿದರೆ ಅವರಿಗೆ ಏಟು ಅವತ್ತೇ ಬೀಳುತ್ತದೆ, ಕೂಲಿ ಮಾತ್ರ ನಿಧಾನಕ್ಕೆ, ವರ್ಷಗಳ ಮೇಲೆ ಏರುತ್ತದೆ. ಅದಕ್ಕೇ ಅಧ್ಯಯನ ಯಾವುದೇ ಇರಲಿ, ಆ ಹಳ್ಳಿಯಲ್ಲಿ ಕೊಳ್ಳುವವರು ಎಷ್ಟು ಜನ, ಲೆಕ್ಕ ಎಷ್ಟು ವರ್ಷದ್ದು ಅಂತ ನಾನು ಮೊದಲು ಹುಡುಕುತ್ತೇನೆ. ಕೂಲಿಯ ಕಾಲಮ್ಮೇ ಇಲ್ಲದಿದ್ದರೆ ನಂಬಿಕೆ ಅರ್ಧ ಇಳಿಯುತ್ತದೆ.

ರಫ್ತಿನ ಮಾತಿಗೂ ಇದೇ ಅನ್ವಯ. 2007-08ರಲ್ಲಿ ಅಕ್ಕಿ ಹೇಗೆ ಹಾರಿತು ನೆನಪಿದೆಯಲ್ವಾ? ಜಗತ್ತಿನಲ್ಲಿ ಆಗ ಅಕ್ಕಿಗೆ ದೊಡ್ಡ ಬರವೇನೂ ಇರಲಿಲ್ಲ. ಭಾರತ ರಫ್ತಿಗೆ ಅಡ್ಡ ಹಾಕಿತು, ವಿಯೆಟ್ನಾಂ ಕೂಡ ಬಿಗಿ ಮಾಡಿತು, ಹೆದರಿದ ಫಿಲಿಪ್ಪೀನ್ಸ್ ಸಿಕ್ಕ ದರಕ್ಕೆ ಕೊಳ್ಳಲು ನಿಂತಿತು. ಜಗತ್ತು ಬೆಳೆಯುವ ಅಕ್ಕಿಯಲ್ಲಿ ಆಗ ಗಡಿ ದಾಟುತ್ತಿದ್ದದ್ದು ನೂರರಲ್ಲಿ ಏಳರಷ್ಟು. ಅಷ್ಟು ಸಣ್ಣ ಕೆರೆಯಲ್ಲಿ ಮೂರು ಜನ ಇಳಿದರೆ ನೀರು ದಡ ಹತ್ತುತ್ತದೆ. ಕೆಲವೇ ತಿಂಗಳಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಹತ್ತಿರ ಹತ್ತಿರ ಮೂರು ಪಟ್ಟಾಯಿತು. ಆ ದರ ಸಿಕ್ಕಿದ್ದು ಆಗ ದಾಸ್ತಾನು ಇಟ್ಟುಕೊಂಡಿದ್ದವರಿಗೆ. ಸುಗ್ಗಿಯಲ್ಲೇ ಮಾರಿ ಕೂತಿದ್ದವರು ನಿಮ್ಮ ತಂದೆಯ ಹಾಗೆ ಆಮೇಲೆ ಏರಿದ ದರಕ್ಕೆ ಕೊಳ್ಳಬೇಕಾಯಿತು. ರಫ್ತು ತೆರೆಯಬೇಕೋ ಬೇಡವೋ ಅನ್ನುವ ಜಗಳದಲ್ಲಿ ಎರಡೂ ಕಡೆಯವರು ‘ರೈತ’ ಅಂತ ಒಬ್ಬನೇ ಇದ್ದಾನೆ ಅನ್ನುವ ಹಾಗೆ ಮಾತಾಡುತ್ತಾರೆ. ನಾನೂ ಹಾಗೇ ತಲೆಬರಹ ಬರೆದೆ.

ಇಷ್ಟರಲ್ಲೇ ಒಂದು ಸಣ್ಣ ಮಾತು. ‘ಬಂಪರ್ ಬೆಳೆ’ ಅಂತ ಬರೆಯುವಾಗಲೂ ನಮ್ಮಂಥವರು ಎಡವುತ್ತೇವೆ. ಫಸಲು ಹತ್ತರಲ್ಲಿ ಒಂದು ಪಾಲು ಕಮ್ಮಿಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ ಅನ್ನುವ ಲೆಕ್ಕ 17ನೇ ಶತಮಾನದ ಇಂಗ್ಲೆಂಡಿನ ಗ್ರೆಗರಿ ಕಿಂಗ್ ಹೆಸರಿನಲ್ಲಿದೆ. ತಿರುಗಿಸಿ ಓದಿ: ಫಸಲು ಸ್ವಲ್ಪ ಏರಿದರೆ ಬೆಲೆ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಎಲ್ಲರಿಗೂ ಚೆನ್ನಾಗಿ ಬೆಳೆದ ವರ್ಷ ಗಾಡಿ ತುಂಬುತ್ತದೆ, ಜೇಬು ತುಂಬುವುದಿಲ್ಲ.

ಇನ್ನು ಹೊಲದ ಬದು ತುಳಿದಿದ್ದಾರಾ ಅಂತ ಕೇಳಿದ್ದು. ತುಳಿಯದವರು ಖಂಡಿತ ಇದ್ದಾರೆ. ಕಂಪ್ಯೂಟರಿನಲ್ಲೇ ಬಿತ್ತಿ ಕಂಪ್ಯೂಟರಿನಲ್ಲೇ ಕೊಯ್ಯುವವರ ಲೇಖನಗಳು ನಮ್ಮ ಮೇಜಿಗೂ ಬರುತ್ತವೆ. ಆದರೆ ರಾಬರ್ಟ್ ಜೆನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರದು ಬೇರೆ. ಅದು ಮೀನಿನ ಕೆಲಸ, ಬೆಳೆಯದ್ದಲ್ಲ, ಇರಲಿ. ಕೇರಳದ ಕರಾವಳಿಗೆ ಮೊಬೈಲ್ ಬರುವ ಮುಂಚಿನಿಂದ, ಐದು ವರ್ಷದಷ್ಟು ಕಾಲ, ವಾರ ವಾರ ದಡದಲ್ಲೇ ದರ ಬರೆಸಿಕೊಂಡರು. 1997ರ ಜನವರಿ 14ರ ಬೆಳಗ್ಗೆ ಬಡಗರದಲ್ಲಿ 11 ದೋಣಿಯವರು ಕೊಳ್ಳುವವರಿಲ್ಲದೆ ಭೂತಾಯಿ ಮೀನು ಚೆಲ್ಲಿ ಹೋದರು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ದಡಗಳಲ್ಲಿ ಮೀನು ಕೊಳ್ಳಲು ಬಂದ 27 ಜನ ಮೀನು ಸಿಗದೆ ಬರಿಗೈಲಿ ಹೊರಟಿದ್ದರು. ಮೊಬೈಲ್ ಬಂದ ಮೇಲೆ ದೋಣಿಯಿಂದಲೇ ದರ ಕೇಳಿ ದಡ ಆರಿಸಿಕೊಳ್ಳುವುದು ಶುರುವಾಯಿತು. ಮೀನು ಚೆಲ್ಲುವುದು ನಿಂತೇ ಹೋಯಿತು. ಮೀನುಗಾರರ ಲಾಭ 8 ಶೇಕಡಾ ಏರಿತು, ಕೊಳ್ಳುವವರಿಗೆ ಬೆಲೆ 4 ಶೇಕಡಾ ಇಳಿಯಿತು. ಮಾರುವವರಿಗೂ ಕೊಳ್ಳುವವರಿಗೂ ಒಟ್ಟಿಗೆ ಒಳ್ಳೆಯದಾಗುವುದು ಅಪರೂಪ. ಆದರೆ ಆ 11 ಮತ್ತು 27 ಗೊತ್ತಾಗಬೇಕಾದರೆ ಆವತ್ತು ಬೆಳಗ್ಗೆ ಯಾರೋ ಅಲ್ಲಿ ನಿಂತಿರಲೇಬೇಕಿತ್ತು.

ತಲೆಬರಹದ ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಹಾಕಿದ್ದೇವೆ. ಪೆನ್ಸಿಲ್ ಬರಹ ಮಾಸುತ್ತಿದೆ. ಪುಸ್ತಕದ ಉಳಿದ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಅದರ ಹಿಂದಿನ ವರ್ಷದ ಪುಟವೂ ಇದ್ದರೆ ಕಳಿಸುತ್ತೀರಾ? ಆ ಗೊಬ್ಬರದ ಬಾಕಿ ಯಾವಾಗಿನದು ಅಂತ ನೋಡಬೇಕಿತ್ತು.