ಮಾಡಿನ ಮೇಲೆ ಬಿದ್ದ ಕೊಂಬೆ
ಗಾಳಿಗೆ ದೊಡ್ಡ ಕೊಂಬೆ ಮಾಡಿನ ಮೇಲೆ ಬಿದ್ದಿದೆ, ಹಂಚು ಒಡೆದು ನೀರು ಒಳಗೆ ಬರ್ತಿದೆ, ಮೊದ್ಲು ಯಾವ್ದು ಮಾಡ್ಲಿ ಅಂತ ಕೇಳಿದ್ರಲ್ಲ, ದಯವಿಟ್ಟು ಈಗ್ಲೇ ಮೇಲೆ ಹತ್ಬೇಡಿ. ಕರೆಂಟ್ ಲೈನ್ ತುಂಡಾಗಿ ಬಿದ್ದಿದ್ಯಾ ದೂರದಿಂದ್ಲೇ ನೋಡಿ, ಬಿದ್ದಿದ್ರೆ ಕನಿಷ್ಠ 10 ಮೀಟರ್ ಆಚೆ ನಿಂತು ಲೈನ್‌ಮನ್‌ಗೆ ಫೋನ್ ಮಾಡಿ. ಏನೂ ತೆಗೆಯೋಕೆ ಮುಂಚೆ ಫೋಟೋ ತಗೊಳ್ಳಿ, ಪರಿಹಾರ ಕೇಳುವಾಗ ಬೇಕಾಗತ್ತೆ. ಬಾಗಿ ಸಿಕ್ಕಾಕ್ಕೊಂಡಿರೋ ಕೊಂಬೆ ಬಿಲ್ಲಿನ ಥರ ಬಿಗಿಯಾಗಿರತ್ತೆ, ಕೊಯ್ದ ತಕ್ಷಣ ಚಿಮ್ಮಿ ಎದೆಗೇ ಹೊಡೀಬಹುದು, ಅದಕ್ಕೆ ಮರ ಕೊಯ್ದು ಅನುಭವ ಇರೋರನ್ನೇ ಕರೀರಿ, ಇದೊಂದು ವಿಷಯದಲ್ಲಿ ಅವಸರ ಬೇಡ. ಆಮೇಲೆ ಟಾರ್ಪಾಲ್. ತೂತಿನ ಮೇಲಷ್ಟೇ ಹಾಸಿದ್ರೆ ಮೇಲಿಂದ ಇಳಿಯೋ ನೀರು ಅದರಡಿಗೇ ನುಗ್ಗತ್ತೆ, ಮಾಡಿನ ನೆತ್ತಿ ದಾಟಿಸಿ ಆಚೆ ಬದಿಗೂ ಇಳಿಬಿಟ್ಟು ಹಗ್ಗದಲ್ಲಿ ಬಿಗೀರಿ. ಹೊಸ ಹಂಚು ಜೋಡ್ಸೋದು ಎಲ್ಲಾ ಒಣಗಿದ ಮೇಲೆ, ಅದಕ್ಕೂ ಮುಂಚೆ ಅಡಿಯ ರೀಪು, ಅಂದ್ರೆ ಹಂಚು ಕೂರೋ ಮರದ ಪಟ್ಟಿ, ಸೀಳಿದ್ಯಾ ಒಳಗಿಂದ ನೋಡ್ಕೊಳ್ಳಿ.