ಪ್ರತಿ: ಚಾಳ್‌ನ ಎರಡು ಗುಂಪಿನ ನಡುವೆ ನಾವು ಹೋಗಬಹುದಾ?
ಹಬ್ಬದ ಲೌಡ್‌ಸ್ಪೀಕರ್ ಜಗಳದಿಂದ ಮುಂಬೈನ ಕುರ್ಲಾದಲ್ಲಿರೋ ನಿಮ್ಮ ಚಾಳ್‌ನ (ವಠಾರದ) ಎರಡು ಗುಂಪು ಮಾತು ಬಿಟ್ಟಿವೆ, ಕನ್ನಡದವರು ನಾವು ನಡುವೆ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಿ ಸರ್, ಇಬ್ಬರೂ ಒಪ್ಪಿದರೆ. ಆದರೆ ತೀರ್ಪು ಕೊಡಬೇಡಿ, ಕೆಲಸ ಕೆಡುತ್ತೆ. ಮೊದಲು ಬೇರೆ ಬೇರೆಯಾಗಿ ಕೂತು ಕೇಳಿ. ಹೆಂಗಸರನ್ನೂ ಕೇಳಿ, ನಲ್ಲಿ ಹತ್ತಿರ ದಿನಾ ಎದುರಾಗುವವರು ಅವರೇ ಅಲ್ವಾ? ಒಟ್ಟಿಗೆ ಕೂರಿಸಿದಾಗ ಹಳೇ ಬೈಗುಳ ಕೆದಕದೆ, ಸ್ಪೀಕರ್ ಯಾವ ಕಡೆ ಮುಖ ಮಾಡಬೇಕು, ಎಷ್ಟು ಗಂಟೆಗೆ ನಿಲ್ಲಬೇಕು ಅನ್ನೋದರಿಂದ ಶುರು ಮಾಡಿ.

ಮುಂಬೈ ಹತ್ತಿರದ ಭಿವಂಡಿ ಊರು ನೋಡಿ. 1984ರಲ್ಲಿ ಅಲ್ಲಿ ದೊಡ್ಡ ಹಿಂದೂ-ಮುಸ್ಲಿಂ ಗಲಭೆ. 1988ರಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಎರಡೂ ಸಮುದಾಯದವರನ್ನು ಸೇರಿಸಿ ಮೊಹಲ್ಲಾ ಸಮಿತಿ, ಅಂದರೆ ಕೇರಿ ಕೇರಿಯ ಶಾಂತಿ ಸಮಿತಿ ಕಟ್ಟಿದರು. 1992-93ರ ಗಲಭೆಯಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಹಾಗಾಗಿ ನೀವೂ ಮುಂದಿನ ಹಬ್ಬಕ್ಕೆ ಮುಂಚೆಯೇ ಸಭೆ ಕರೆಯಿರಿ.